ನಾಲ್ಕು ತಿಂಗಳ ಮೇಡಂ

ಜಾಹೀರಾತಿನ ಸಾರಾಂಶ ಇಷ್ಟು: ಸ್ನಾತಕೋತ್ತರ ಎರಡನೇ ವರ್ಷದ ‘ಸಮುದಾಯ ಸಹಭಾಗಿ ಸಂಶೋಧನೆ’ ಕೋರ್ಸಿಗೆ ಒಬ್ಬ ತಾತ್ಕಾಲಿಕ ಬೋಧಕರು ಬೇಕಾಗಿದ್ದಾರೆ. ಅವಧಿ ಒಂದು ಸೆಮಿಸ್ಟರ್. ಗ್ರಾಮಸ್ಥರ ಜೊತೆ ದೀರ್ಘಕಾಲೀನ ಬಾಂಧವ್ಯ ಬೆಳೆಸಿದ ಅನುಭವ ಇರುವವರಿಗೆ ಆದ್ಯತೆ.

ಒಂದು ಸೆಮಿಸ್ಟರ್, ದೀರ್ಘಕಾಲೀನ ಬಾಂಧವ್ಯ. ಎರಡೂ ಒಂದೇ ಪ್ಯಾರಾದಲ್ಲಿ ಆರಾಮಾಗಿ ಕೂತಿದ್ದವು. ಬರೆದವರಿಗೆ ಏನೂ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಲ ಓದಿಗೆ ನನಗೂ ಏನೂ ಅನ್ನಿಸಲಿಲ್ಲ. ನಮ್ಮ ಐಟಿ ಲೋಕದಲ್ಲಿ ಇಂಥ ಜಾಹೀರಾತು ದಿನಕ್ಕೆ ಹತ್ತು ಬರುತ್ತವೆ. ಆರು ತಿಂಗಳ ಕಾಂಟ್ರಾಕ್ಟ್, ಹತ್ತು ವರ್ಷದ ಅನುಭವ ಬೇಕು, ನಾಳೆಯೇ ಜಾಯಿನ್ ಆಗಬೇಕು.

ಬೆಂಗಳೂರಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯ. ಹೆಸರು ಬೇಡ ಬಿಡಿ. ಅಲ್ಲಿನ ಸಮಾಜಕಾರ್ಯ ವಿಭಾಗದವರು ಈ ಹುದ್ದೆಯ ಆಯ್ಕೆ ಸಮಿತಿಗೆ ನನ್ನನ್ನೂ ಕರೆದಿದ್ದರು. ಸಮಿತಿಯಲ್ಲಿ ‘ಉದ್ಯಮದಿಂದ ಒಬ್ಬರು’ ಇರಬೇಕು ಅನ್ನೋದು ಅವರ ನಿಯಮವಂತೆ. ನಾನು ಓದಿದ್ದು ಬಿಇ, ಮಾಡೋದು ಬ್ಯಾಕೆಂಡ್ ಕೋಡಿಂಗ್. ಸಮಾಜಕಾರ್ಯಕ್ಕೂ ನನಗೂ ಇದ್ದ ಸಂಬಂಧ ಒಂದೇ: ಎರಡು ವರ್ಷದ ಹಿಂದೆ ನಮ್ಮ ಕಂಪನಿಯ ಸಿಎಸ್‌ಆರ್ ಕೆಲಸಕ್ಕೆ ಅಂತ ಹಳ್ಳಿ ಸರ್ವೆ ಮಾಡುವ ಒಂದು ಆಪ್ ಬರೆದಿದ್ದೆ. ನೆಟ್‌ವರ್ಕ್ ಇಲ್ಲದ ಕಡೆಯೂ ಫಾರ್ಮ್ ತುಂಬಬಹುದು, ಸಿಗ್ನಲ್ ಸಿಕ್ಕ ಮೇಲೆ ತಾನೇ ಸಿಂಕ್ ಆಗುತ್ತದೆ. ಈ ವಿಭಾಗದ ವಿದ್ಯಾರ್ಥಿಗಳೂ ಅದನ್ನು ಬಳಸುತ್ತಿದ್ದರು. ಎಚ್‌ಒಡಿ ಫೋನ್ ಮಾಡಿ, “ಶನಿವಾರ ಬೆಳಿಗ್ಗೆ ಬಂದ್ಬಿಡಿ ಸರ್, ಊಟ ಇಲ್ಲೇ” ಅಂದರು. ಜೂನ್ ತಿಂಗಳು, ಮಳೆ ಹಿಡಿದಿತ್ತು. ಹೋದೆ.

ಏನಿದು ಸಮುದಾಯ ಸಹಭಾಗಿ ಸಂಶೋಧನೆ? ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ. ಸಾಮಾನ್ಯವಾಗಿ ಸಂಶೋಧನೆ ಅಂದರೆ ಪ್ರಶ್ನೆ ನಮ್ಮದು, ಉತ್ತರ ಅವರದು. ನಾವು ಹೋಗ್ತೀವಿ, ಕೇಳ್ತೀವಿ, ಬರ್ಕೊಂಡು ಬರ್ತೀವಿ, ಪೇಪರ್ ಪ್ರಿಂಟ್ ಆಗುತ್ತೆ. ಇಲ್ಲಿ ಹಾಗಲ್ಲ. ಪ್ರಶ್ನೆ ಯಾವುದು ಅನ್ನೋದನ್ನೇ ಊರಿನವರ ಜೊತೆ ಕೂತು ತೀರ್ಮಾನಿಸಬೇಕು. ಮಾಹಿತಿ ಕಲೆಹಾಕುವಾಗ ಅವರೂ ಇರಬೇಕು, ಅದರ ಅರ್ಥ ಹಚ್ಚುವಾಗಲೂ ಇರಬೇಕು. ಫಲಿತಾಂಶ ಮೊದಲು ಅವರ ಕೈಗೆ ಹೋಗಬೇಕು, ಜರ್ನಲ್‌ಗೆ ಆಮೇಲೆ.

ಇದು ಹೊಸದೇನಲ್ಲ. 1970ರ ದಶಕದಲ್ಲಿ ಕೊಲಂಬಿಯಾದ ಸಮಾಜಶಾಸ್ತ್ರಜ್ಞ ಒರ್ಲಾಂಡೊ ಫಾಲ್ಸ್ ಬೋರ್ಡಾ ಅಲ್ಲಿನ ರೈತರ ಜೊತೆ ಇಂಥ ಕೆಲಸ ಮಾಡಿದರು. ನಮ್ಮ ದೇಶದಲ್ಲಿ ರಾಜೇಶ್ ಟಂಡನ್ ಅವರು 1982ರಲ್ಲಿ ದೆಹಲಿಯಲ್ಲಿ ‘ಪ್ರಿಯಾ’ ಸಂಸ್ಥೆ ಶುರು ಮಾಡಿದ್ದು ಇದಕ್ಕೇ. ನಮ್ಮ ಕರ್ನಾಟಕದಲ್ಲಿ 80ರ ದಶಕದ ಕೊನೆಯ ಹೊತ್ತಿಗೆ ‘ಮೈರಾಡ’ದವರು ಊರಿನ ನಡುವೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನವರಿಂದಲೇ ಊರಿನ ನಕ್ಷೆ ಬರೆಸುತ್ತಿದ್ದರು. ಈಗ ಯುಜಿಸಿಯೂ ಸಮುದಾಯದ ಜೊತೆ ಒಡನಾಟಕ್ಕೆ ಅಂತ ಎರಡು ಕ್ರೆಡಿಟ್‌ನ ಕೋರ್ಸ್ ರೂಪಿಸಿದೆ. ಹಾಗಾಗಿ ಕಾಲೇಜುಗಳಲ್ಲಿ ಇದಕ್ಕೆ ಒಂದಿಷ್ಟು ಬೇಡಿಕೆ ಬಂದಿದೆ. ಕಲಿಸೋರು ಬೇಕಾಗಿದ್ದಾರೆ. ಕಲಿಸೋರಿಗೆ ಕಾಯಂ ಹುದ್ದೆ ಮಾತ್ರ ಇಲ್ಲ.

ಸಂದರ್ಶನ ಶುರುವಾಗುವ ಮೊದಲು ಕಾಫಿ ಕುಡಿಯುತ್ತಾ ಎಚ್‌ಒಡಿ ಒಂದು ವಿಷಯ ಹೇಳಿದರು. ಈ ಕೋರ್ಸ್ ಶುರುವಾಗಿ ಮೂರು ವರ್ಷ. ಮೂರು ವರ್ಷಕ್ಕೆ ಮೂರು ಜನ ತಾತ್ಕಾಲಿಕ ಬೋಧಕರು. ಒಬ್ಬೊಬ್ಬರೂ ತಮಗೆ ಪರಿಚಯ ಇದ್ದ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋದರು. ಅಲ್ಲಿಗೆ ಮೂರು ಊರು.

“ಮೊದಲ ಎರಡು ಊರು ಈಗ ಏನಾಗಿವೆ ಸರ್?” ಅಂದೆ.

“ಏನಾಗೋದು? ಹಂಗೇ ಇವೆ.”

ಅವರು ಕೆಟ್ಟವರಲ್ಲ. ಆಡಳಿತದವರ ಬಳಿ ಕಾಯಂ ಹುದ್ದೆ ಕೇಳಿ ಕೇಳಿ ಸುಸ್ತಾದ ಮನುಷ್ಯ. ಒಂದು ಊರಿನಲ್ಲಿ ನೂರಾ ನಲವತ್ತು ಮನೆಗಳ ಸರ್ವೆ ಅರ್ಧಕ್ಕೆ ನಿಂತಿದೆ. ಆ ಡೇಟಾ ನನ್ನದೇ ಆಪ್‌ನ ಸರ್ವರ್‌ನಲ್ಲಿ ಇವತ್ತಿಗೂ ಇದೆ, ಯಾರೂ ತೆರೆದು ನೋಡಿಲ್ಲ. ಕೊನೆಯ ಲಾಗಿನ್ ಆ ವರ್ಷದ ಡಿಸೆಂಬರ್ ತಿಂಗಳದ್ದು. ಅಲ್ಲಿಗೆ ಆ ಮೇಷ್ಟ್ರ ಕಾಂಟ್ರಾಕ್ಟ್ ಮುಗಿದಿತ್ತು.

ಇಲ್ಲಿ ನನ್ನ ಊರಿನ ಮಾತು ಸ್ವಲ್ಪ ಹೇಳಬೇಕು. ನಮ್ಮದು ತುಮಕೂರು ಜಿಲ್ಲೆ, ಮಧುಗಿರಿ ಕಡೆಯ ಒಂದು ಸಣ್ಣ ಊರು. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯ ಬಾಗಿಲ ಪಕ್ಕದ ಗೋಡೆ ಒಂದು ರಿಜಿಸ್ಟರ್ ಇದ್ದ ಹಾಗೆ ಇತ್ತು. ಮಲೇರಿಯಾದವರು ಬರೆದ ತಾರೀಕು, ಪೋಲಿಯೋದವರು ಸೀಮೆಸುಣ್ಣದಲ್ಲಿ ಹಾಕಿದ ಗುರುತು, ಜನಗಣತಿಯವರ ನಂಬರ್, ಇನ್ಯಾವುದೋ ಕಾಲೇಜಿನವರು ಬಂದು ಕೆಂಪು ಬಣ್ಣದಲ್ಲಿ ಬರೆದ ಇನ್ನೊಂದು ನಂಬರ್. ಯುಗಾದಿಗೆ ಸುಣ್ಣ ಬಳಿಯುವಾಗ ನಮ್ಮಜ್ಜಿ ಆ ಜಾಗ ಬಿಟ್ಟು ಬಳಿಯೋಳು. “ಸರ್ಕಾರದ್ದು ಕಣೋ, ಅಳಿಸಬಾರ್ದು” ಅನ್ನೋಳು.

ಕೆಂಪು ಬಣ್ಣದವರು ಎರಡು ದಿನ ಬಂದಿದ್ದರು. ಅಜ್ಜಿಯನ್ನು ಜಗಲಿ ಮೇಲೆ ಕೂರಿಸಿ ಒಂದು ಗಂಟೆ ಪ್ರಶ್ನೆ ಕೇಳಿದರು. ಎಷ್ಟು ಎಕರೆ, ಎಷ್ಟು ಸಾಲ, ಎಷ್ಟು ಮಕ್ಕಳು, ಎಷ್ಟು ಉಳಿದವು, ಎಷ್ಟು ಹೋದವು. ಕೊನೆಯ ಪ್ರಶ್ನೆಗೆ ಅಜ್ಜಿ ಉತ್ತರ ಹೇಳುವಾಗ ಸ್ವಲ್ಪ ಹೊತ್ತು ಸುಮ್ಮನಾದಳು. ಬರೆಯೋ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ಆಮೇಲೆ ಅವರಿಗೆ ಒಂದೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದಳು. ಅವರು ಮತ್ತೆ ಬರಲಿಲ್ಲ. ಎಷ್ಟೋ ವರ್ಷಗಳ ನಂತರ, ನಾನು ಇಂಜಿನಿಯರಿಂಗ್ ಓದುವಾಗ, ಅಜ್ಜಿ ಒಂದಿನ ಕೇಳಿದಳು: “ಅಲ್ಲಾ ಮಗ, ಅವತ್ತು ಬರ್ಕಂಡೋದ್ರಲ್ಲ, ಅದ್ನ ಏನ್ ಮಾಡಿದ್ರು?”

ನನಗೆ ಗೊತ್ತಿರಲಿಲ್ಲ. ಈ ಸಮಿತಿಯಲ್ಲಿ ಕೂತಾಗ ಗೊತ್ತಾಯಿತು. ಬಹುಶಃ ಏನೂ ಮಾಡಿರಲಿಲ್ಲ. ಆ ಮೇಷ್ಟ್ರ ಕಾಂಟ್ರಾಕ್ಟೂ ಮುಗಿದಿರಬಹುದು.

ಸರಿ, ಸಂದರ್ಶನಕ್ಕೆ ಬರೋಣ. ಮೂರು ಜನ ಅಭ್ಯರ್ಥಿಗಳು. ಸಮಿತಿಯಲ್ಲಿ ಎಚ್‌ಒಡಿ, ನಾನು, ರಿಜಿಸ್ಟ್ರಾರ್ ಕಚೇರಿಯ ಒಬ್ಬರು, ಹೊರಗಿನ ವಿಷಯ ತಜ್ಞರಾಗಿ ಒಬ್ಬ ನಿವೃತ್ತ ಪ್ರೊಫೆಸರ್. ಎದುರಿಗೆ ಒಂದು ಎಕ್ಸೆಲ್ ಶೀಟ್. ಪಿಎಚ್‌ಡಿಗೆ ಇಷ್ಟು ಅಂಕ, ನೆಟ್ ಅಥವಾ ಕೆ-ಸೆಟ್‌ಗೆ ಇಷ್ಟು, ಪೇಪರ್‌ಗಳಿಗೆ ಇಷ್ಟು, ಬೋಧನಾ ಅನುಭವಕ್ಕೆ ಇಷ್ಟು, ಡೆಮೊ ಕ್ಲಾಸ್‌ಗೆ ಇಷ್ಟು. ಒಟ್ಟು ನೂರು. ಕ್ಷೇತ್ರಾನುಭವಕ್ಕೆ ಐದು. ಇಂಜಿನಿಯರ್ ಬುದ್ಧಿ ನೋಡಿ, ಮೊದಲು ಕಣ್ಣು ಹೋಗಿದ್ದೇ ವೇಟೇಜ್ ಕಾಲಮ್‌ಗೆ. ಊರಿನಲ್ಲಿ ಇಪ್ಪತ್ತು ವರ್ಷ ಇದ್ದವರಿಗೂ ಇಲ್ಲಿ ಐದೇ ಅಂಕ.

ಮೊದಲನೆಯವರು ಆಗಷ್ಟೇ ಪಿಎಚ್‌ಡಿ ಮುಗಿಸಿದ್ದ ಹುಡುಗ. ಚುರುಕು. ಸ್ಲೈಡ್‌ಗಳು ಚೆನ್ನಾಗಿದ್ದವು, ಓದಿಕೊಂಡಿದ್ದು ಇನ್ನೂ ಚೆನ್ನಾಗಿತ್ತು. ಡೆಮೊ ಕ್ಲಾಸ್‌ನಲ್ಲಿ ಎಂ.ಎನ್. ಶ್ರೀನಿವಾಸ್ ಅವರ ಕಥೆ ಹೇಳಿದ. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ಟಿಪ್ಪಣಿ ಮಾಡಿಕೊಂಡಿದ್ದರು. ಪುಸ್ತಕದಲ್ಲಿ ಆ ಊರಿಗೆ ರಾಂಪುರ ಅಂತ ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿ, ಆ ಟಿಪ್ಪಣಿಗಳನ್ನು ಆಧರಿಸಿ ಸಿದ್ಧಪಡಿಸಿದ್ದೆಲ್ಲ ಸುಟ್ಟುಹೋಯಿತು. ಆಮೇಲೆ ನೆನಪಿನಿಂದಲೇ ಬರೆದರು. ಅದೇ 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’. ಹುಡುಗ ಇದನ್ನು ಹೇಳಿ, “ಊರಲ್ಲಿ ಇದ್ದು ಬಂದವನಿಗೆ ನೋಟ್ಸ್ ಸುಟ್ಟರೂ ಊರು ಸುಡಲ್ಲ” ಅಂದ. ಮಾತು ನನಗೆ ಹಿಡಿಸಿತು. ಮುಂದೇನು ಅಂತ ಕೇಳಿದಾಗ ಪ್ರಾಮಾಣಿಕವಾಗಿ ಹೇಳಿದ: ಹೊರದೇಶಕ್ಕೆ ಪೋಸ್ಟ್‌ಡಾಕ್ ಅರ್ಜಿ ಹಾಕಿದ್ದೇನೆ, ಜನವರಿಗೆ ಸಿಕ್ಕರೆ ಹೋಗ್ತೀನಿ.

ಎರಡನೆಯವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕರು. ನಮ್ಮ ರಾಜ್ಯದಲ್ಲಿ ಇಂಥವರು ಸಾವಿರಾರು ಜನ ಇದ್ದಾರೆ. 2022ರ ಜನವರಿಯವರೆಗೆ ಇವರಿಗೆ ತಿಂಗಳಿಗೆ ಸಿಗುತ್ತಿದ್ದುದು 11ರಿಂದ 13 ಸಾವಿರ ರೂಪಾಯಿ. ದೊಡ್ಡ ಮುಷ್ಕರದ ನಂತರ ಅರ್ಹತೆ, ಸೇವಾವಧಿ ನೋಡಿ 26ರಿಂದ 32 ಸಾವಿರ ಮಾಡಿದರು. ಜೊತೆಗೆ ವಾರದ ಪಾಠದ ಅವಧಿಯನ್ನೂ 15 ಗಂಟೆಗೆ ಏರಿಸಿದರು. ಒಬ್ಬರಿಗೆ ಗಂಟೆ ಜಾಸ್ತಿ ಆದರೆ ಇನ್ನೊಬ್ಬರಿಗೆ ಗಂಟೆಯೇ ಇಲ್ಲ ಅನ್ನೋದು ಯಾರಿಗಾದರೂ ಗೊತ್ತಾಗುವ ಲೆಕ್ಕ. ಅವರ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಟಿಫಿನ್ ಬಾಕ್ಸಿನ ಚೀಲ. ಪಾಠ ಎಷ್ಟು ಸೊಗಸಾಗಿ ಮಾಡಿದರೆಂದರೆ ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಪ್ರಶ್ನೆ ಒಂದೇ: “ಮಧ್ಯಾಹ್ನ ಮೂರರ ಮೇಲೆ ಕ್ಲಾಸ್ ಇಟ್ಕೊಬಹುದಾ ಸರ್? ಅಲ್ಲಿಯ ಕೆಲಸ ಬಿಟ್ಟರೆ ಮನೆ ನಡೆಯಲ್ಲ.” ಮೂರರ ಮೇಲೆ ಹೊರಟರೆ ಹಳ್ಳಿಗೆ ಹೋಗಿ ಬರುವುದು ಯಾವಾಗ?

ಮೂರನೆಯವರು ನಲವತ್ತರ ಆಸುಪಾಸಿನ ಹೆಂಗಸು. ಎಂಎಸ್‌ಡಬ್ಲ್ಯು ಓದಿದ್ದಾರೆ. ಪಿಎಚ್‌ಡಿ ಇಲ್ಲ, ನೆಟ್ ಇಲ್ಲ. ಕೋಲಾರ ಜಿಲ್ಲೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷ ಕೆಲಸ. ಜಾಹೀರಾತಿನಲ್ಲಿ ‘ಅಥವಾ ತತ್ಸಮಾನ ಅನುಭವ’ ಅನ್ನೋ ನಾಲ್ಕಾಣೆ ಜಾಗ ಇತ್ತು, ಅದರಲ್ಲಿ ನುಸುಳಿ ಬಂದಿದ್ದರು. ಸ್ಲೈಡ್ ತಂದಿರಲಿಲ್ಲ. ಬ್ಯಾಗಿನಿಂದ ಸೀಮೆಸುಣ್ಣದ ಡಬ್ಬಿ ತೆಗೆದು, ಟೇಬಲ್ ಪಕ್ಕಕ್ಕೆ ಸರಿಸಬಹುದಾ ಅಂತ ಕೇಳಿದರು. ಸರಿಸಿದೆವು.

“ನಿಮ್ಮ ಕ್ಯಾಂಪಸ್‌ನ ನಕ್ಷೆ ನೆಲದ ಮೇಲೆ ಬರೀರಿ ಸರ್, ಎಲ್ಲರೂ ಸೇರಿ.”

ಪ್ರೊಫೆಸರು ಮಂಡಿ ನೋವು ಅಂತ ಕುರ್ಚಿಯಲ್ಲೇ ಕೂತು ನಿರ್ದೇಶನ ಕೊಟ್ಟರು. ಎಚ್‌ಒಡಿ ಗೇಟು, ಆಡಳಿತ ಭವನ, ಲೈಬ್ರರಿ, ಹಾಸ್ಟೆಲ್ ಬರೆದರು. ರಿಜಿಸ್ಟ್ರಾರ್ ಕಚೇರಿಯವರು ಪಾರ್ಕಿಂಗ್ ಸೇರಿಸಿದರು.

“ಇಲ್ಲಿ ಹೌಸ್‌ಕೀಪಿಂಗ್‌ನೋರು ಮಧ್ಯಾಹ್ನ ಊಟ ಎಲ್ಲಿ ಮಾಡ್ತಾರೆ? ಅದನ್ನೂ ಹಾಕಿ.”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹೊತ್ತಿಗೆ ಎರಡನೇ ಸುತ್ತಿನ ಕಾಫಿ ತಂದ ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು, “ಬನ್ನಿ ಅಣ್ಣ, ನೀವು ಹೇಳಿ” ಅಂದರು. ಅಟೆಂಡರ್ ಟ್ರೇ ಕೆಳಗಿಟ್ಟು, ಸೀಮೆಸುಣ್ಣ ತಗೊಂಡು, ಆಡಳಿತ ಭವನದ ಹಿಂದೆ ಜನರೇಟರ್ ರೂಮಿನ ಪಕ್ಕ ಒಂದು ಸಣ್ಣ ಚೌಕ ಬರೆದರು. “ಇಲ್ಲಿ. ಮಳೆ ಬಂದ್ರೆ ಮೆಟ್ಟಿಲ ಕೆಳಗೆ.” ಹೊರಗೆ ಮಳೆ ಬರುತ್ತಲೇ ಇತ್ತು.

ಅವರು ಆ ವಿಷಯ ಅಲ್ಲಿಗೇ ಬಿಟ್ಟರು, ಉಪದೇಶ ಮಾಡಲಿಲ್ಲ. “ನಕ್ಷೆ ಯಾರು ಬರೀತಾರೆ ಅನ್ನೋದರ ಮೇಲೆ ಊರು ಬೇರೆ ಆಗುತ್ತೆ. ಮೊದಲ ಕ್ಲಾಸ್ ಇಷ್ಟೇ ಸರ್” ಅಂತ ಕೂತರು.

ಪ್ರೊಫೆಸರು ಸುಲಭಕ್ಕೆ ಒಪ್ಪುವವರಲ್ಲ. ಅವರ ಅನುಮಾನದಲ್ಲಿ ಹುರುಳೂ ಇತ್ತು. “ನೋಡಮ್ಮ, ಹಳ್ಳಿ ಮೇಲಿನ ಪ್ರೀತಿ ಬೇರೆ, ಸಂಶೋಧನೆ ಬೇರೆ. ನಿಮ್ಮಂಥ ಸಂಸ್ಥೆಗಳ ವರದಿಗಳನ್ನ ಬೇಕಾದಷ್ಟು ಓದಿದ್ದೀನಿ. ಎಲ್ಲದರಲ್ಲೂ ಯಶೋಗಾಥೆಯೇ. ನಿಮ್ಮ ಡೇಟಾ ತಪ್ಪು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

“ಊರಿನೋರ ಮುಂದೆ ಓದ್ತೀವಿ ಸರ್. ತಪ್ಪಿದ್ರೆ ಅಲ್ಲೇ ಜಗಳ ಆಗುತ್ತೆ.”

ಒಂದು ಉದಾಹರಣೆ ಕೊಟ್ಟರು. ಒಂದು ಊರಿನಲ್ಲಿ ಶೌಚಾಲಯದ ಸರ್ವೆ. ಬಹುತೇಕ ಎಲ್ಲ ಮನೆಯಲ್ಲೂ ‘ಇದೆ, ಬಳಸ್ತೀವಿ’ ಅಂತ ಉತ್ತರ. ಅಶ್ವತ್ಥಕಟ್ಟೆ ಮುಂದೆ ಫಲಿತಾಂಶ ಓದಿದಾಗ ಹಿಂದೆ ಕೂತಿದ್ದ ಮುದುಕಿಯೊಬ್ಬಳು ಜೋರಾಗಿ ನಕ್ಕುಬಿಟ್ಟಳಂತೆ. “ಬಳಸ್ತೀವಿ ಕಣವ್ವ, ಸೌದೆ ಇಡಕ್ಕೆ!” ಮತ್ತೆ ಮನೆಮನೆಗೆ ಹೋದರು. ಈ ಸಲ ಪ್ರಶ್ನೆಯನ್ನು ಊರಿನ ಹೆಂಗಸರೇ ತಿದ್ದಿಕೊಟ್ಟಿದ್ದರು: ‘ಇವತ್ತು ಬೆಳಿಗ್ಗೆ ಯಾರ್ಯಾರು ಎಲ್ಲಿಗೆ ಹೋಗಿದ್ರಿ?’ ಅಂಕಿ ಅರ್ಧಕ್ಕರ್ಧ ಇಳಿಯಿತು. ಸಂಸ್ಥೆಗೆ ದುಡ್ಡು ಕೊಟ್ಟವರಿಗೆ ಇಳಿದ ಅಂಕಿಯನ್ನೇ ಕಳಿಸಿದರು. ಮುಂದಿನ ವರ್ಷ ಆ ದುಡ್ಡು ಬರಲಿಲ್ಲ.

ಪ್ರೊಫೆಸರು ಏನೂ ಹೇಳದೆ ಶೀಟಿನಲ್ಲಿ ಏನೋ ಬರೆದುಕೊಂಡರು. “ನಿಮಗೇನಾದ್ರೂ ಕೇಳೋದಿದೆಯಾ?” ಅಂತ ಎಚ್‌ಒಡಿ ವಾಡಿಕೆಯ ಪ್ರಶ್ನೆ ಹಾಕಿದರು. ಆಕೆ ಕೇಳಿದ್ದು: “ಡಿಸೆಂಬರ್ ಆದ್ಮೇಲೆ ಆ ಊರಿಗೆ ಯಾರು ಹೋಗ್ತಾರೆ ಸರ್?”

ಎಚ್‌ಒಡಿ ಬಳಿ ಉತ್ತರ ಇರಲಿಲ್ಲ. ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ.

ಊಟಕ್ಕೆ ಮೊದಲೇ ಎಕ್ಸೆಲ್ ಶೀಟು ತನ್ನ ತೀರ್ಪು ಕೊಟ್ಟಿತ್ತು. ಮೊದಲನೆಯ ಹುಡುಗ ಮೇಲೆ, ಎರಡನೆಯವರು ಹತ್ತಿರದಲ್ಲೇ, ಮೂರನೆಯವರು ಬಹಳ ಕೆಳಗೆ. ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ ಒಂದು ದಾರಿ ಮಾಡಿದೆ. ಪದವಿಯ ಹಂಗಿಲ್ಲದೆ ಅನುಭವಿಗಳನ್ನು ಪಾಠಕ್ಕೆ ತಗೊಳ್ಳಬಹುದು. ಅದರಲ್ಲಿ ನೋಡೋಣ ಅಂದೆ. ರಿಜಿಸ್ಟ್ರಾರ್ ಕಚೇರಿಯವರು ಫೋನಿನಲ್ಲೇ ನಿಯಮ ತೆಗೆದು ಓದಿದರು: ಕನಿಷ್ಠ 15 ವರ್ಷದ ಅನುಭವ. ಈಕೆಗೆ ಹದಿನಾಲ್ಕು. ಅಯ್ಯೋ ದೇವ್ರೆ ಅನ್ನಿಸಿತು.

ಊಟದ ತಟ್ಟೆ ಮುಂದಿಟ್ಟುಕೊಂಡು ನಾನು ಹೇಳಿದ ಮಾತು ಹೀಗಿತ್ತು. ನಮ್ಮಲ್ಲೂ ಕಾಂಟ್ರಾಕ್ಟ್ ಇಂಜಿನಿಯರ್‌ಗಳು ಬರ್ತಾರೆ, ಹೋಗ್ತಾರೆ. ಹೋಗುವ ಮುಂಚೆ ಎರಡು ವಾರ ಕೆಟಿ, ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್. ಡಾಕ್ಯುಮೆಂಟ್ ಬರೀತಾರೆ, ಪಾಸ್‌ವರ್ಡ್ ಕೊಡ್ತಾರೆ, ರೆಕಾರ್ಡಿಂಗ್ ಇಟ್ಟು ಹೋಗ್ತಾರೆ. ಮನುಷ್ಯ ಹೋದರೂ ಕೋಡ್ ಇಲ್ಲೇ ಉಳಿಯುತ್ತೆ. ಆದರೆ ಊರಿನ ಜೊತೆಗಿನ ನಂಬಿಕೆಗೆ ಕೆಟಿ ಮಾಡಕ್ಕಾಗಲ್ಲ. ‘ಈ ಅಜ್ಜಿ ಮಕ್ಕಳ ವಿಷಯ ಕೇಳಿದರೆ ಸುಮ್ಮನಾಗ್ತಾಳೆ, ಅವಸರ ಮಾಡಬೇಡಿ’ ಅಂತ ಯಾವ ಡಾಕ್ಯುಮೆಂಟ್‌ನಲ್ಲಿ ಬರೆಯೋದು? ಆ ನಂಬಿಕೆ ಬೋಧಕರ ಹೆಸರಲ್ಲಿ ಇರುವವರೆಗೆ ಅದು ಅವರ ಜೊತೆಯೇ ಎದ್ದು ಹೋಗುತ್ತೆ. ಹಾಗಾಗಿ ನಾವು ತಗೊಳ್ಳಬೇಕಾದ ಮೊದಲ ತೀರ್ಮಾನ ಯಾವ ಮನುಷ್ಯ ಅನ್ನೋದಲ್ಲ. ಊರು ವಿಭಾಗದ್ದಾಗಬೇಕು. ಬೋಧಕರು ಬದಲಾದರೂ ಊರು ಬದಲಾಗಬಾರದು.

ಪ್ರೊಫೆಸರು ಅನ್ನ ಕಲಸುತ್ತಾ, “ಸ್ಕಾರ್ಲೆಟ್ ಎಪ್‌ಸ್ಟೈನ್ ಗೊತ್ತಾ?” ಅಂದರು. ಗೊತ್ತಿರಲಿಲ್ಲ. ಮಂಡ್ಯ ಕಡೆಯ ಎರಡು ಊರಿನಲ್ಲಿ 1950ರ ದಶಕದ ಮಧ್ಯದಲ್ಲಿ ಇದ್ದು ಅಧ್ಯಯನ ಮಾಡಿದಾಕೆ. ಒಂದು ಊರಿಗೆ ನಾಲೆ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ಎರಡರ ಬದುಕು ಹೇಗೆ ಬೇರೆ ಬೇರೆ ದಾರಿ ಹಿಡಿಯಿತು ಅಂತ ಬರೆದರು. 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದರು. “ತಿರುಗಿ ಬಂದಿದ್ದರಿಂದ ಮೊದಲ ಪುಸ್ತಕದಲ್ಲಿ ಕಾಣದ್ದೆಷ್ಟೋ ಕಾಣಿಸ್ತು. ತಿರುಗಿ ಹೋಗೋದೂ ಒಂದು ಮೆಥಡ್ ಕಣ್ರೀ” ಅಂದರು. ಆಮೇಲೆ ತಾವೇ, “ಆ ಹೆಣ್ಣುಮಗಳನ್ನೇ ತಗೊಳ್ಳಿ. ಜಗಳ ಆಗುತ್ತೆ ಅಂದಳಲ್ಲ, ಅದಕ್ಕಿಂತ ಒಳ್ಳೆ ವ್ಯಾಲಿಡೇಶನ್ ನಾನು ನಲವತ್ತು ವರ್ಷದಲ್ಲಿ ಕಲಿಸಿಲ್ಲ” ಅಂದರು.

ಎಚ್‌ಒಡಿ ಒಂದೂವರೆ ಪುಟದ ಟಿಪ್ಪಣಿ ಬರೆದರು. ‘ತತ್ಸಮಾನ ಅನುಭವ’ದ ಆಧಾರದಲ್ಲಿ ಆಯ್ಕೆ ಅಂತ. ನಾಲ್ವರೂ ಸಹಿ ಹಾಕಿದೆವು. ಎರಡನೆಯವರ ಹೆಸರನ್ನು, ಮಧ್ಯಾಹ್ನದ ಹೊತ್ತಿನ ಬೇರೊಂದು ಪೇಪರ್‌ಗೆ ಪರಿಗಣಿಸಿ ಅಂತ ಕಳಿಸಿದೆವು. ಅದು ಆಯಿತೋ ಇಲ್ಲವೋ ಕೇಳಬೇಡಿ. ಆಗಲಿಲ್ಲ.

ಇನ್ನು ದುಡ್ಡಿನ ಮಾತು. ಯುಜಿಸಿ 2019ರಲ್ಲಿ ಅತಿಥಿ ಬೋಧಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಅಂತ ನಿಗದಿ ಮಾಡಿತ್ತು. ಇವರೂ ಅದನ್ನೇ ಹಿಡಿದಿದ್ದರು. ವಾರಕ್ಕೆ ನಾಲ್ಕು ಗಂಟೆ, ಹದಿನಾರು ವಾರ, 64 ಗಂಟೆ. ಒಟ್ಟು 96,000 ರೂಪಾಯಿ. ತಿಂಗಳಿಗೆ 24,000. ಕೇಳಿದರೆ ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ?

ಮನೆಗೆ ಬಂದು ರಾತ್ರಿ ಲೆಕ್ಕ ಹಾಕಿದೆ. 64 ಗಂಟೆಯಲ್ಲಿ 48 ಗಂಟೆ ತರಗತಿಯೊಳಗೆ. ಉಳಿದ 16 ಗಂಟೆ ಹಳ್ಳಿಗೆ, ಎಂಟು ದಿನ. ಅಂದರೆ ಹಳ್ಳಿಗೆ ಹೋದ ಒಂದು ದಿನ ಕಾಗದದ ಮೇಲೆ ಎರಡು ಗಂಟೆ. ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಏಳಕ್ಕೆ ವಾಪಸ್ ಬಂದರೆ ಹದಿಮೂರು ಗಂಟೆ. ಎಂಟು ದಿನಕ್ಕೆ 104. ಸೆಮಿಸ್ಟರ್ ಶುರುವಾಗುವ ಮೊದಲು ಊರಿನವರನ್ನು ಕಂಡು ಮಾತಾಡಿ ಬರಲು ಆರು ಸಲವಾದರೂ ಹೋಗಬೇಕು, ಅದು 78 ಗಂಟೆ, ಕಾಗದದಲ್ಲಿ ಸೊನ್ನೆ. ತರಗತಿಯ ಒಂದೊಂದು ಗಂಟೆಗೆ ಇನ್ನೊಂದು ಗಂಟೆ ತಯಾರಿ, ತಿದ್ದುವುದು, ಇನ್ನೂ 48. ಒಟ್ಟು 278 ಗಂಟೆ. 96,000 ಭಾಗಿಸು 278. ಗಂಟೆಗೆ ಸುಮಾರು 345 ರೂಪಾಯಿ. ರಾತ್ರಿ ಹತ್ತಕ್ಕೆ ಊರಿನಿಂದ ಬರುವ ಫೋನುಗಳನ್ನು ಇದರಲ್ಲಿ ಸೇರಿಸಿಲ್ಲ. ನಮ್ಮ ಕಂಪನಿಯಲ್ಲಿ ನಿನ್ನೆ ಸೇರಿದ ಹುಡುಗನ ಒಂದು ಗಂಟೆಗೆ ಕ್ಲೈಂಟಿಗೆ ಎಷ್ಟು ಬಿಲ್ ಹಾಕುತ್ತೇವೆ ಅನ್ನೋದನ್ನು ಪಕ್ಕದ ಸೆಲ್‌ನಲ್ಲಿ ಬರೆದೆ. ನೋಡಿ ಅಳಿಸಿದೆ.

ಈ ಶೀಟನ್ನು ಎಚ್‌ಒಡಿಗೆ ಕಳಿಸಿ ನಾಲ್ಕು ಬೇಡಿಕೆ ಬರೆದೆ. ಹಳ್ಳಿಯ ಒಂದು ದಿನಕ್ಕೆ ಎರಡರ ಬದಲು ನಾಲ್ಕು ಗಂಟೆ ಲೆಕ್ಕ. ಕಾಂಟ್ರಾಕ್ಟ್ ಒಂದು ತಿಂಗಳು ಮೊದಲೇ ಶುರು. ವಿಭಾಗದ ಕಾಯಂ ಅಧ್ಯಾಪಕರೊಬ್ಬರು ಸಹಬೋಧಕರಾಗಿ ಪ್ರತಿ ಸಲವೂ ಊರಿಗೆ ಹೋಗಬೇಕು. ಊರಿನಲ್ಲಿ ಮಕ್ಕಳಿಗೆ ಕಲಿಸುವ ಸ್ತ್ರೀಶಕ್ತಿ ಸಂಘದ ಒಬ್ಬರಿಗೂ ಗೌರವಧನ.

ಮೊದಲನೆಯದು ಒಪ್ಪಿದರು. ಎರಡನೆಯದಕ್ಕೆ ಆಗಲ್ಲ ಅಂದರು. ಮೂರನೆಯದಕ್ಕೆ ಎಚ್‌ಒಡಿ, “ಬೇರೆ ಯಾರು ಬರ್ತಾರೆ, ನಾನೇ ಹೋಗ್ತೀನಿ” ಅಂದರು. ನಾಲ್ಕನೆಯದಕ್ಕೆ ಫೈನಾನ್ಸ್‌ನವರು ಸಂಘದ ಆ ಹೆಣ್ಣುಮಗಳ ‘ಶೈಕ್ಷಣಿಕ ಅರ್ಹತೆ’ಯ ದೃಢೀಕೃತ ಪ್ರತಿ ಕೇಳಿದರು. ಆಕೆ ಓದಿದ್ದು ಏಳನೇ ಕ್ಲಾಸು. ಆ ಫೈಲು ಅಲ್ಲಿಗೇ ನಿಂತಿತು.

ಆಗಸ್ಟ್‌ನಲ್ಲಿ ಮೇಡಂ ಪಾಠ ಶುರು ಮಾಡಿದರು. ಹೊಸ ಊರು ಹುಡುಕಲಿಲ್ಲ. ಹಿಂದಿನ ವರ್ಷ ಬಿಟ್ಟು ಬಂದಿದ್ದ ಮೂರನೇ ಊರಿಗೇ ಹೋದರು, ತಮಗೆ ಒಬ್ಬರೂ ಪರಿಚಯ ಇಲ್ಲದ ಊರಿಗೆ. ಮೊದಲ ದಿನ ಊರಿನವರು ಸರಿಯಾಗಿ ಮಾತಾಡಿಸಲಿಲ್ಲವಂತೆ. “ಹೋದ ವರ್ಷ ಫೋಟೋ ಹೊಡ್ಕಂಡು ಹೋದ್ರಲ್ಲ, ಅವರೇನಾ ನೀವು?” ಅಂದರಂತೆ. ಎಚ್‌ಒಡಿ ಕೈಮುಗಿದು, ಹೌದು ನಮ್ಮವರೇ ಅಂದರಂತೆ. ಇದನ್ನು ನನಗೆ ಹೇಳುವಾಗ ಅವರ ದನಿಯಲ್ಲಿ ಮುಜುಗರವೂ ಇತ್ತು, ಏನೋ ಒಂದು ನಿರಾಳವೂ ಇತ್ತು.

ವಿದ್ಯಾರ್ಥಿಗಳು ಕೆರೆ ನೀರಿನ ಬಗ್ಗೆ ಅಧ್ಯಯನ ಮಾಡಬೇಕು ಅಂತ ಹೋಗಿದ್ದರು. ಊರಿನ ಹೆಂಗಸರು, ಕೆರೆ ಆಮೇಲೆ ನೋಡ್ಕಳಿ, ಶುದ್ಧ ನೀರಿನ ಘಟಕ ಕೆಟ್ಟರೆ ಎಷ್ಟು ದಿನಕ್ಕೆ ರಿಪೇರಿ ಆಗುತ್ತೆ ಅದನ್ನ ಬರೀರಿ ಅಂದರು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುವ ಘಟಕ, ನಿಮ್ಮ ಊರಲ್ಲೂ ಇರಬಹುದು. ಸಂಘದ ಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿದರು. ಘಟಕ ಓಡಿದ ದಿನ ಏನೂ ಇಲ್ಲ, ಕೆಟ್ಟ ದಿನ ಕುಂಕುಮದ ಬೊಟ್ಟು. ಎಪ್ಪತ್ತೇಳು ದಿನದಲ್ಲಿ ಹತ್ತೊಂಬತ್ತು ಬೊಟ್ಟು. ನನ್ನ ಆಪ್‌ಗೆ ಅಲ್ಲಿ ಕೆಲಸವೇ ಇರಲಿಲ್ಲ.

ನವೆಂಬರ್ ಕೊನೆಗೆ ಅದನ್ನು ಗ್ರಾಮಸಭೆಯಲ್ಲಿ ಓದಿದರು. ಆ ದಿನ ನಾನೂ ಹೋಗಿದ್ದೆ. ಓದಿದ್ದು ವಿದ್ಯಾರ್ಥಿಗಳಲ್ಲ, ಏಳನೇ ಕ್ಲಾಸು ಓದಿದ ಆ ಹೆಣ್ಣುಮಗಳು. ಹತ್ತೊಂಬತ್ತಲ್ಲ ಇಪ್ಪತ್ತೊಂದು ಅಂತ ಒಬ್ಬರು ಎದ್ದು ಜಗಳಕ್ಕೆ ಬಂದರು. ಮೇಡಂ ನನ್ನ ಕಡೆ ತಿರುಗಿ ನಕ್ಕರು. ಪಿಡಿಒ ಮೊದಲು ಬಜೆಟ್ ಅಂದರು, ಆಮೇಲೆ ಏಜೆನ್ಸಿ ಅಂದರು. ಕೊನೆಗೆ ಒಪ್ಪಿದ್ದು ಇಷ್ಟು: ರಿಪೇರಿಯವನ ಫೋನ್ ನಂಬರನ್ನು ಘಟಕದ ಗೋಡೆ ಮೇಲೆ ದೊಡ್ಡದಾಗಿ ಬರೆಸುವುದು. ಅಷ್ಟಕ್ಕೆ ಒಂದು ಸೆಮಿಸ್ಟರ್ ಬೇಕಾಯಿತಾ ಅಂತ ನೀವು ಕೇಳಬಹುದು. ಅಷ್ಟಕ್ಕೆ ಅಲ್ಲಿಯವರೆಗಿನ ಎಷ್ಟೋ ವರ್ಷ ಸಾಕಾಗಿರಲಿಲ್ಲ ಅನ್ನೋದೂ ನಿಜ. ಮಾರನೇ ದಿನವೇ ಗೋಡೆ ಮೇಲೆ ನಂಬರ್ ಬಂತು. ಇನ್ನೊಂದು ನಂಬರನ್ನು ಮೇಡಂ ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟರು. ಅದು ಅವರದ್ದಲ್ಲ, ಎಚ್‌ಒಡಿಯದು.

ಡಿಸೆಂಬರ್‌ಗೆ ಕಾಂಟ್ರಾಕ್ಟ್ ಮುಗಿಯಿತು. ಮೇಡಂ ಕೋಲಾರಕ್ಕೆ ವಾಪಸ್ ಹೋದರು. ಮುಂದಿನ ಜೂನ್‌ಗೆ ಮತ್ತೆ ಜಾಹೀರಾತು ಬರುತ್ತದೆ, ಅವರು ಮತ್ತೆ ಅರ್ಜಿ ಹಾಕಬೇಕು, ಹಾಕಿದರೂ ಸಿಗುತ್ತದೆ ಅಂತ ಇಲ್ಲ. ಹುದ್ದೆ ಕಾಯಂ ಆಗಿಲ್ಲ, ಆಗುವ ಲಕ್ಷಣವೂ ಇಲ್ಲ. ಆದರೆ ಈ ಸಲದ ಜಾಹೀರಾತಿನ ಕರಡಿನಲ್ಲಿ ಎಚ್‌ಒಡಿ ಒಂದು ಸಾಲು ಸೇರಿಸಿದ್ದಾರೆ: ಆಯ್ಕೆಯಾದವರು ವಿಭಾಗವು ಈಗಾಗಲೇ ಒಡನಾಟ ಇಟ್ಟುಕೊಂಡಿರುವ ಊರಿನಲ್ಲೇ ಕೆಲಸ ಮುಂದುವರಿಸತಕ್ಕದ್ದು. ಕ್ಷೇತ್ರಾನುಭವದ ಐದು ಅಂಕ ಇಪ್ಪತ್ತೈದಾಗಿದೆ. ಈ ಬರಹ ಓದುತ್ತಿರುವ ನಿಮ್ಮಲ್ಲಿ ಕೆಲವರನ್ನು ‘ಉದ್ಯಮದಿಂದ ಒಬ್ಬರು’ ಅಂತ ಇಂಥ ಸಮಿತಿಗೆ ಕರೆಯುತ್ತಾರೆ. ಹೋಗಿ. ಶೀಟಿನ ವೇಟೇಜ್ ಕಾಲಮ್ ನೋಡಿ. ಅದನ್ನು ಓದಕ್ಕೆ ನಮಗೆ ಬರುತ್ತೆ, ಅದು ನಮ್ಮ ಕಸುಬು.

ಜನವರಿ ಎರಡನೇ ವಾರ ಎಚ್‌ಒಡಿ ನನಗೆ ಫೋನ್ ಮಾಡಿದ್ದರು. ಊರಿನಿಂದ ಕರೆ ಬಂದಿತ್ತಂತೆ. ಮೇಡಂ ಎಲ್ಲಿ ಅಂತ ಮೊದಲು ಕೇಳಿದರಂತೆ, ಇವರು ಇದ್ದಿದ್ದು ಇದ್ದ ಹಾಗೆ ಹೇಳಿದರಂತೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಸರಿ ಬಿಡಿ ಸಾರ್. ಹಳೇ ವರ್ಷದ ಕ್ಯಾಲೆಂಡರ್ ಮುಗೀತು. ಹೊಸದು ಯಾವಾಗ ತರ್ತೀರಾ?”

ಶನಿವಾರ ಹೋಗ್ತಾ ಇದ್ದೀನಿ ಅಂದರು ಎಚ್‌ಒಡಿ.